ಬೂದಿಯೊಳಗಿನ ಗಾಣ

“ಇನ್ನೊಮ್ಮೆ ತಂಗಿಯ ಮನೆಗೆ ಹೋಗಲೇ, ಬುದ್ಧಿ?” ಎಂದು ಕೆಂಪಣ್ಣ ಕೇಳಿದ.

ಅಂದು ಎಂದಿನಂಥದೇ ಸೋಮವಾರ. ಮಠದ ಅಂಗಳ ಗುಡಿಸಿ ಬಂದು ಅವನು ಗುರುಗಳ ಎದುರು ಕುಳಿತಿದ್ದ. ಮೂರು ತಿಂಗಳ ಹಿಂದೆ ಇಂಥದೇ ಒಂದು ಸೋಮವಾರ ಅವನು ಎತ್ತುಗಳ ಮೈ ತೊಳೆಯುತ್ತಿದ್ದಾಗ, ಜೊತೆಗೆ ಬಂದಿದ್ದ ತಂಗಿಯ ಮಗ ನಾಲೆಯಲ್ಲಿ ಮುಳುಗಿ ಸತ್ತಿದ್ದ. ತಂಗಿ ಅಣ್ಣನನ್ನು ಬೈಯಲಿಲ್ಲ. ತಿಥಿಯ ದಿನ ತಾನೇ ಕರೆದು ಅನ್ನ ಬಡಿಸಿದಳು. ತಿಂಗಳೊಳಗೆ ಕೆಂಪಣ್ಣನಿಗೆ ಗಂಡುಮಗು ಹುಟ್ಟಿತು. ಸೋದರತ್ತೆಯೇ ಕಿವಿಯಲ್ಲಿ ಹೆಸರು ಹೇಳಬೇಕೆಂದು ಹಟಮಾಡಿ ಅವಳನ್ನು ಕರೆತಂದ. ಅವಳು ಮಗುವಿನ ಕಿವಿಯ ತನಕ ಬಗ್ಗಿದಳು. ಬಾಯಿ ತೆರೆಯಲಿಲ್ಲ. ಮಗುವನ್ನು ತೊಟ್ಟಿಲಲ್ಲಿಟ್ಟು ಎದ್ದುಹೋದವಳು ಮತ್ತೆ ಮಾತಾಡಿಲ್ಲ.

ಗುರುಗಳು ಹೇಳಿದರು:

ಒಬ್ಬ ಆಲೆಮನೆಯವನಿದ್ದ. ಕಬ್ಬು ಅರೆಯುವ ಅವನ ಗಾಣ ಅಜ್ಜನ ಕಾಲದ್ದು, ಬೀಡುಕಬ್ಬಿಣದ ಎರಕ. ಅಂಥದನ್ನು ಈಗ ಯಾರೂ ಹೊಯ್ಯುವುದಿಲ್ಲ. ಹಂಗಾಮು ಶುರುವಾಗುವ ಮುನ್ನಾದಿನ ಅದರ ಪಕ್ಕೆ ಸೀಳಿತು. ಗಾಣ ನಿಂತರೆ ಆಲೆಮನೆಯೇ ನಿಂತಂತೆ. ಅವನು ವೆಲ್ಡಿಂಗ್ ಮಾಡುವವನನ್ನು ಕರೆತಂದ.

“ಗೇಟಿಗೆ ಹಾಕ್ತೀಯಲ್ಲ, ಹಾಗೆ ನಾಲ್ಕು ಬೆಸುಗೆ ಹಾಕಿಕೊಡಪ್ಪ.”

“ಗೇಟಾದರೆ ಬಗ್ಗುತ್ತೆ ಗೌಡ್ರೇ. ಬೀಡುಕಬ್ಬಿಣಕ್ಕೆ ಬಗ್ಗೋದು ಗೊತ್ತಿಲ್ಲ.”

ಸೀಳು ಮುಂದಕ್ಕೆ ಓಡದಿರಲೆಂದು ಅವನು ಅದರ ಎರಡೂ ತುದಿಗೆ ತೂತು ಕೊರೆದ. ಇಡೀ ಎರಕವನ್ನು ಇದ್ದಿಲ ಕೆಂಡದಲ್ಲಿ ಮೆಲ್ಲಗೆ ಕಾಸಿದ. ಒಂದು ಬೆರಳಗಲ ಬೆಸುಗೆ ಹಾಕುವುದು, ಸುತ್ತಿಗೆಯಿಂದ ಸಣ್ಣಗೆ ತಟ್ಟುವುದು, ಮತ್ತೆ ಒಂದು ಬೆರಳಗಲ. ಸಂಜೆಗೆ ಸೀಳು ಮುಚ್ಚಿತು. ಒಲೆಯ ಬೂದಿಯನ್ನೆಲ್ಲ ಹೊತ್ತು ತಂದು ಎರಕವನ್ನು ಅದರಲ್ಲಿ ಹೂತ. “ತಾನಾಗಿ ಆರಬೇಕು. ನಾಡಿದ್ದಿನ ತನಕ ಬೂದಿ ಕೆದಕಬೇಡಿ” ಎಂದು ಹೇಳಿ ಹೋದ.

ಮರುದಿನ ಗಾಣದ ಪೂಜೆಯ ದಿನ. ಆಲೆಮನೆಯವನು ಗದ್ದೆಗೆ ಹೋಗಿದ್ದ. ಅವನ ತಾಯಿ, “ಮೈಯೆಲ್ಲ ಬೂದಿ ಮೆತ್ತಿಕೊಂಡಿರೋದಕ್ಕೆ ಹೂವು ಏರಿಸೋದೇ?” ಎಂದು ಬೂದಿ ಸರಿಸಿ ಒಂದು ಚೊಂಬು ಅರಿಸಿನದ ನೀರು ಹೊಯ್ದಳು. ಟಣ್ ಎಂದಿತು.

ವೆಲ್ಡಿಂಗಿನವನು ಬಂದು ನೋಡಿದ. ಬೆಸುಗೆ ಗಟ್ಟಿಯಾಗಿಯೇ ಇತ್ತು. ಅದರ ಪಕ್ಕಕ್ಕೆ ಹೊಸ ಸೀಳು, ಈ ಕೊನೆಯಿಂದ ಆ ಕೊನೆಗೆ.

“ಇನ್ನೊಮ್ಮೆ ಹಾಕು” ಎಂದ ಆಲೆಮನೆಯವನು.

“ಹಾಕಬಹುದು. ಆಗ ಅದರ ಪಕ್ಕದ್ದು ಬಿಡುತ್ತೆ.” ಅವನು ತನ್ನ ಸಾಮಾನು ಕಟ್ಟಿಕೊಂಡ.

ತಾಯಿ ಚೊಂಬು ಹಿಡಿದೇ ನಿಂತಿದ್ದಳು. “ಒಳ್ಳೇದಾಗಲಿ ಅಂತ ಹುಯ್ದೆ ಕಣಪ್ಪಾ.”

“ನೀರಿನದೇನೂ ತಪ್ಪಿಲ್ಲ ತಾಯಿ. ಒಳಗೆ ಇನ್ನೂ ಬಿಸಿ ಇತ್ತು.”

ಗುರುಗಳು ಕತೆ ನಿಲ್ಲಿಸಿದರು. ಕೆಂಪಣ್ಣ ಕೇಳಿದ:

“ಆ ಗಾಣ ಮತ್ತೆ ತಿರುಗಲೇ ಇಲ್ಲವೇ, ಬುದ್ಧಿ?”

“ಮಗುವಿನ ಕಿವಿಯಲ್ಲಿ ಯಾವ ಹೆಸರು ಹೇಳು ಅಂತ ತಂಗಿಗೆ ಅಂದಿದ್ದೆ ನೀನು?” ಎಂದು ಗುರುಗಳು ಕೇಳಿದರು.

ಕೆಂಪಣ್ಣ ಬಾಯಿ ತೆರೆಯಲಿಲ್ಲ. ಅದು ನಾಲೆಯಲ್ಲಿ ಹೋದ ಹುಡುಗನ ಹೆಸರು.