ಗುರುತು ನಿಲ್ಲದ ಕೆಸರು

ನೀಲಾಂಬಿಕೆ ಕೇಳಿದಳು: "ಮೇಷ್ಟ್ರೇ, ಗ್ರಾಫಿನಲ್ಲಿ ಈ ಎರಡು ಚುಕ್ಕಿ ಬಿಟ್ಟುಬಿಟ್ಟರೆ ಏನಾಗುತ್ತದೆ?"

ಅವಳು ಮೇಷ್ಟ್ರ ಪ್ರಯೋಗಾಲಯದಲ್ಲಿ ಐದು ವರ್ಷ ಒಂದೇ ಬಗೆಯ ಹರಳನ್ನು ಅಳೆದಿದ್ದಳು. ಸ್ಟ್ರಾಂಷಿಯಂ, ಟೈಟಾನಿಯಂ, ಆಮ್ಲಜನಕ ಸೇರಿದ ಹರಳು. ತಾನಾಗಿ ಅದು ವಿದ್ಯುತ್ತನ್ನು ಹರಿಯಗೊಡದು. ಬೇರೊಂದು ಧಾತುವನ್ನು ಚಿಟಿಕೆಯಷ್ಟು ಬೆರೆಸಿದರೆ ಕೆಲವೇ ಎಲೆಕ್ಟ್ರಾನ್‌ಗಳು ಓಡಾಡಲು ಸಿಗುತ್ತವೆ. ಕಡುತಣ್ಣಗೆ ಮಾಡಿದರೆ ಅವು ಜೋಡಿಯಾಗಿ, ತಡೆಯೇ ಇಲ್ಲದೆ ಹರಿಯುತ್ತವೆ.

ಜೋಡಿ ಮಾಡುವುದು ಯಾವುದು? ಅವಳ ಪ್ರಬಂಧ ಹಳೆಯ ಉತ್ತರವನ್ನೇ ಕೊಟ್ಟಿತ್ತು. ಮೊದಲ ಎಲೆಕ್ಟ್ರಾನ್ ಹಾದಾಗ ಹರಳು ಅತ್ತ ಬಾಗುತ್ತದೆ. ಆ ಜಾಡು ಎರಡನೆಯದನ್ನು ಸೆಳೆಯುತ್ತದೆ. ಅಳತೆಗಳು ಒಪ್ಪಿದ್ದವು. ಎಲೆಕ್ಟ್ರಾನ್‌ಗಳು ತೀರ ವಿರಳವಾದ ಕಡೆಯ ಎರಡು ಮಾತ್ರ ಒಪ್ಪಲಿಲ್ಲ. ಅಲ್ಲಿ ಎಲೆಕ್ಟ್ರಾನ್ ನಿಧಾನ, ಹರಳು ಚುರುಕು. ಎರಡನೆಯದು ಬರುವವರೆಗೆ ಜಾಡು ನಿಲ್ಲುವುದಿಲ್ಲ. ಆದರೂ ಜೋಡಿಯಾಗುತ್ತದೆ.

"ಪ್ರಬಂಧ ನಾಳೆ ಕೊಡಬೇಕು. ಎರಡೇ ಚುಕ್ಕಿ ಮೇಷ್ಟ್ರೇ. ಯಾರು ಕೇಳುತ್ತಾರೆ?"

"ಕೂತ್ಕೋ," ಎಂದರು ಮೇಷ್ಟ್ರು. ಕತೆ ಹೇಳಿದರು.

ಒಂದು ಊರಿನ ಮುಂದೆ ಕೆಸರಿನ ಬಯಲಿತ್ತು. ಆಚೆ ದಡದಲ್ಲಿ ಉಪ್ಪಿತ್ತು. ಒಬ್ಬರೇ ಹೋದರೆ ಕೆಸರು ನುಂಗುತ್ತಿತ್ತು. ಇಬ್ಬರು ಹೋದರೆ ನುಂಗುತ್ತಿರಲಿಲ್ಲ. ಕೂಗಳತೆಯಷ್ಟು ಅಂತರ ಬಿಟ್ಟು ಒಬ್ಬರ ಹಿಂದೆ ಒಬ್ಬರು ನಡೆಯುವರು. ಮುಂದಿನವರು ಹಿಂದೆ ನೋಡಬಾರದು. ಹಿಂದಿನವರು ಕೆಳಗೆ ನೋಡಬಾರದು. ಅದು ಅಲ್ಲಿನ ಕಟ್ಟಲೆ.

ಒಬ್ಬ ಅಳತೆಗಾರ ಬಂದ. ಅದು ಉಪ್ಪಿನ ಸುಗ್ಗಿ. ನೂರಾರು ಜನ ಬೇಗಬೇಗ ದಾಟುತ್ತಿದ್ದರು. ಅವನು ಕೆಸರು ನೋಡಿದ. ಮುಂದಿನವನ ಕಾಲು ಒತ್ತಿದ ಕಡೆ ನೆಲ ಗಟ್ಟಿಯಾಗುತ್ತಿತ್ತು. ಅದು ಮತ್ತೆ ಸಡಿಲುವ ಮೊದಲೇ ಹಿಂದಿನವನು ಅಲ್ಲಿ ಕಾಲಿಡುತ್ತಿದ್ದ.

"ಅಜ್ಜಿ, ನಿಮ್ಮನ್ನು ಹೊರುವುದು ಹೆಜ್ಜೆಗುರುತು," ಎಂದು ದಡದ ಮುದುಕಿಗೆ ಹೇಳಿದ.

"ಇರಲಿ ಬಿಡಪ್ಪ. ಹೊರೋರ ಹೆಸರು ಗೊತ್ತಾದರೆ ನನ್ನ ಮೂಟೆ ಹಗುರಾಗುತ್ತಾ?" ಎಂದಳು ಮುದುಕಿ.

ಸುಗ್ಗಿ ಮುಗಿಯಿತು. ಅಳತೆಗಾರ ಇನ್ನೂ ಎರಡು ದಿನ ಉಳಿದ. ಆ ದಿನಗಳಲ್ಲಿ ದಾಟಿದವರು ನಾಲ್ಕೇ ಜನ. ಅವಸರವಿಲ್ಲದೆ ನಡೆದರು. ಹಿಂದಿನವನು ಬರುವ ಎಷ್ಟೋ ಮೊದಲೇ ಗುರುತು ಮುಚ್ಚಿಹೋಗುತ್ತಿತ್ತು. ಆದರೂ ನಾಲ್ವರೂ ಹೋದರು, ನಾಲ್ವರೂ ಬಂದರು.

ಅವನು ಯಾರೂ ತುಳಿಯದ ಕಡೆ ಕೆಸರಿಗೆ ಕಿವಿಯಿಟ್ಟ. ಒಳಗೆ ಏನೋ ಮಗ್ಗುಲು ಬದಲಿಸಲು ಹೊರಟಿತ್ತು. ಬದಲಿಸಲಿಲ್ಲ. ಬಹಳ ಹೊತ್ತು ಕಾದ. ಅದು ನಡುಗುತ್ತ ಹೊರಡುತ್ತಲೇ ಇತ್ತು.

ಊರಿನಲ್ಲಿ ವಿಚಾರಿಸಿದ. ಆ ನಡುಕವೇ ಹೊರುತ್ತದೆ ಎಂದರು ಕೆಲವರು. ಹಿಂದೊಂದು ವರ್ಷ ಉಪ್ಪುನೀರು ನುಗ್ಗಿ ಕೆಸರು ಭಾರವಾಗಿತ್ತಂತೆ. ಮಗ್ಗುಲು ಬದಲಿಸಿಯೇಬಿಟ್ಟಿತು ಎಂದು ಊರು ಹೆದರಿತ್ತಂತೆ. ಆ ವರ್ಷವೇ ದಾಟುವುದು ಎಲ್ಲಕ್ಕಿಂತ ಸುಲಭವಾಗಿತ್ತಂತೆ. ನಡುಕವಲ್ಲ, ನಡೆಯುವವರೇ ಎಬ್ಬಿಸುವ ಅಲೆ ಎಂದರು ಇನ್ನು ಕೆಲವರು. ಅಳತೆಗಾರನಿಗೆ ಯಾವುದನ್ನೂ ಅಳೆದು ತೋರಿಸಲಾಗಲಿಲ್ಲ.

ಅವನು ಸುಗ್ಗಿಯ ದಿನಗಳನ್ನು ಬರೆದ. ಆ ಎರಡು ದಿನಗಳನ್ನು ಬರೆಯಲಿಲ್ಲ. ಬರಹ ಚೆನ್ನಾಗಿತ್ತು. ಊರಿನ ಯಜಮಾನ ಅದರ ಒಂದು ಸಾಲನ್ನು ದಡದಲ್ಲಿ ಕಲ್ಲಿನ ಮೇಲೆ ಕೊರೆಸಿದ: ಮುಂದಿನವರ ಹೆಜ್ಜೆಗುರುತು ಕಂಡಲ್ಲಿ ಮಾತ್ರ ಕಾಲಿಡಿ.

ಕೆಲವು ವರ್ಷ ಕಳೆದವು. ಒಮ್ಮೆ ಸುಗ್ಗಿ ಮುಗಿದ ಮೇಲೆ ಅಕ್ಕತಂಗಿಯರಿಬ್ಬರು ಉಪ್ಪಿಗೆ ಹೊರಟರು. ಅಕ್ಕನಿಗೆ ಓದು ಬರದು. ತಂಗಿಗೆ ಬರುತ್ತಿತ್ತು. ಅಕ್ಕ ಮುಂದೆ ನಡೆದಳು.

ಬಯಲಿನ ನಡುವೆ ತಂಗಿ ಕೂಗಿದಳು: "ಅಕ್ಕಾ, ನಿನ್ನ ಹೆಜ್ಜೆ ಎಲ್ಲಿ?"

ಹಿಂದೆ ನೋಡುವ ಹಾಗಿಲ್ಲ. "ಬಾರೇ, ನಿಲ್ಲಬೇಡ," ಎಂದಳು ಅಕ್ಕ.

"ಕಾಣ್ತಾ ಇಲ್ಲ ಅಕ್ಕಾ. ನಿನ್ನ ಹೆಜ್ಜೆ ಎಲ್ಲಿ?"

ಈ ಸಲ ದನಿ ಸ್ವಲ್ಪ ಕೆಳಗಿನಿಂದ ಬಂತು.

ಅಕ್ಕ ಮುಂದಿನ ದಡದತ್ತ ಓಡಿದಳು. ಅವಳ ಕಾಲೂ ಹೂತುಹೋಗತೊಡಗಿತ್ತು. ಮೊಣಕಾಲವರೆಗೆ ಹೂತಾಗ ಕೈಗೆ ದಡದ ಹುಲ್ಲು ಸಿಕ್ಕಿತು. ಮೇಲೆ ಹತ್ತಿ ತಿರುಗಿ ನೋಡಿದಳು. ಬಯಲು ಸಮವಾಗಿತ್ತು. ಒಂದು ಗುರುತೂ ಇರಲಿಲ್ಲ. ಮೆಲ್ಲಗೆ ನಡುಗುತ್ತಿತ್ತು.

ಮೇಷ್ಟ್ರು ನಿಲ್ಲಿಸಿದರು.

"ಹಾಗಾದರೆ ಕಲ್ಲಿನ ಮೇಲಿದ್ದದ್ದು ಸುಳ್ಳೇ ಮೇಷ್ಟ್ರೇ?"

"ಬರೆದ ದಿನಗಳಿಗೆಲ್ಲ ನಿಜ, ಆ ಹುಡುಗಿ ನಡೆದದ್ದು ಬರೆಯದೆ ಬಿಟ್ಟ ದಿನ."

ನೀಲಾಂಬಿಕೆ ಎರಡು ಚುಕ್ಕಿಗಳಿದ್ದ ಹಾಳೆಯನ್ನು ಮತ್ತೆ ತನ್ನತ್ತ ಎಳೆದುಕೊಂಡಳು.