ಏಳನೆಯ ಸೀಸೆ

"ಮೇಷ್ಟ್ರೇ, ನಾವು ಮಾಡಿದ ಪರೀಕ್ಷೆ ಒಂದು ಹೇಳುತ್ತದೆ, ಎದುರಿಗಿರುವ ಮನುಷ್ಯ ಇನ್ನೊಂದು ಹೇಳುತ್ತಾನೆ. ಆಗ ಯಾವುದನ್ನು ನಂಬಬೇಕು?" ಎಂದು ಜುಬೇದಾ ಕೇಳಿದಳು.

ಬಸವಂತಪ್ಪ ಮೇಷ್ಟ್ರು ವೈದ್ಯಕೀಯ ಕಾಲೇಜಿನಲ್ಲಿ ಬಹುಕಾಲ ಪಾಠ ಮಾಡಿ ನಿವೃತ್ತರಾದವರು. ಜುಬೇದಾ ಅವರ ಕೊನೆಯ ತಂಡದ ಶಿಷ್ಯೆ, ಒಂದು ಪ್ರಯೋಗಾಲಯದಲ್ಲಿ ಆಗತಾನೇ ಕೆಲಸಕ್ಕೆ ಸೇರಿದ್ದಳು. ಮೇಷ್ಟ್ರು ಒಂದು ಕತೆ ಹೇಳಿದರು.

ಒಂದು ಸಂಸ್ಥೆಯಲ್ಲಿ ಒಬ್ಬ ಸಂಶೋಧಕಿ ಇದ್ದಳು. ಮೂತ್ರಪಿಂಡಕ್ಕೆ ಪೆಟ್ಟಾದಾಗ ಅದರ ಜೀವಕೋಶಗಳಿಂದ ಒಂದು ಪ್ರೋಟೀನ್ ಕಳಚಿಕೊಂಡು ಮೂತ್ರಕ್ಕೆ ಬಂದು ಸೇರುತ್ತದೆ. ರಕ್ತಪರೀಕ್ಷೆಯಲ್ಲಿ ತೊಂದರೆ ಕಾಣಿಸುವ ಮೊದಲೇ ಅದು ಅಲ್ಲಿರುತ್ತದೆ. ಆ ಪ್ರೋಟೀನನ್ನು ಹಿಡಿದು, ಬೇರೆ ಯಾವುದನ್ನೂ ಮುಟ್ಟದ ಪ್ರತಿಕಾಯವೊಂದನ್ನು ತಯಾರಿಸುವುದು ಅವಳ ಕೆಲಸವಾಗಿತ್ತು. ಅವಳ ಅಕ್ಕನ ಮೂತ್ರಪಿಂಡ ಕೆಟ್ಟದ್ದು ಮನೆಯವರಿಗೆ ತಿಳಿದಾಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಹಾಗಾಗಿ ಅವಳಿಗೆ ಅದು ಬರೀ ಕೆಲಸವಾಗಿರಲಿಲ್ಲ.

ಎರಡು ವರ್ಷ ದುಡಿದಳು. ಕೆಲವು ಪ್ರತಿಕಾಯಗಳು ಏನನ್ನೂ ಹಿಡಿಯಲಿಲ್ಲ. ಕೆಲವು ಕಂಡಕಂಡದ್ದಕ್ಕೆಲ್ಲ ಅಂಟಿಕೊಂಡವು. ಕೊನೆಗೆ ಒಂದು ಸಿಕ್ಕಿತು. ರೋಗಿಗಳ ಮೂತ್ರ ಹಾಕಿದರೆ ಪರೀಕ್ಷೆಯ ತಟ್ಟೆಯ ಗುಳಿ ಹಳದಿಯಾಗುತ್ತಿತ್ತು, ಬರೀ ನೀರು ಹಾಕಿದರೆ ತಿಳಿಯಾಗಿಯೇ ಇರುತ್ತಿತ್ತು. ಇನ್ನು ಆರೋಗ್ಯವಂತರ ಮೂತ್ರದಲ್ಲಿಯೂ ಅದು ತಿಳಿಯಾಗಿರುತ್ತದೆಂದು ತೋರಿಸಬೇಕಿತ್ತು. ಸಂಸ್ಥೆಯಲ್ಲೇ ಕೆಲಸ ಮಾಡುವ ಹತ್ತು ಮಂದಿಯನ್ನು ಕೇಳಿಕೊಂಡಳು. ಎಲ್ಲರೂ ಒಪ್ಪಿ ಸೀಸೆಯಲ್ಲಿ ಮೂತ್ರ ಕೊಟ್ಟರು.

ಒಂಬತ್ತು ಗುಳಿಗಳು ತಿಳಿಯಾಗಿ ಉಳಿದವು. ಏಳನೆಯದು ಹಳದಿಯಾಯಿತು.

ಏಳನೆಯ ಸೀಸೆ ಕ್ಯಾಂಟೀನಿನ ಅಡುಗೆಯವನದು. ಬೆಳಿಗ್ಗೆಯಿಂದ ಸಂಜೆಯವರೆಗೆ ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುವವನು. ಒಂದು ದಿನವೂ ರಜೆ ಹಾಕಿದವನಲ್ಲ. ಅವಳು ಹೊಸದಾಗಿ ಮೂತ್ರ ತರಿಸಿ ಮತ್ತೆ ನೋಡಿದಳು. ಮತ್ತೆ ಹಳದಿ. ಅದೇ ಪ್ರೋಟೀನನ್ನು ಇನ್ನೊಂದು ಮಗ್ಗುಲಲ್ಲಿ ಹಿಡಿಯುವ ಬೇರೊಂದು ಪ್ರತಿಕಾಯ ಹಾಕಿ ನೋಡಿದಳು. ಅದೂ ಹೌದೆಂದಿತು. ಅವನ ಒಪ್ಪಿಗೆ ಪಡೆದು ರಕ್ತ ಪರೀಕ್ಷಿಸಿದರೆ, ಅದರಲ್ಲಿ ಮಾತ್ರ ಎಲ್ಲವೂ ಸರಿಯಾಗಿತ್ತು.

ಪ್ರಯೋಗಾಲಯದ ಮುಖ್ಯಸ್ಥರು ಕೆಟ್ಟವರಲ್ಲ. ಅವಳ ಶ್ರಮ ಬಲ್ಲವರು. ಮನುಷ್ಯ ಗುಂಡುಕಲ್ಲಿನಂತಿದ್ದಾನೆ, ಅವನ ಮೂತ್ರದಲ್ಲಿರುವ ಇನ್ನೇನೋ ಪರೀಕ್ಷೆಯ ದಾರಿ ತಪ್ಪಿಸುತ್ತಿದೆ, ಆ ಒಂದನ್ನು ಬಿಟ್ಟು ಬೇರೊಬ್ಬರನ್ನು ಸೇರಿಸಿಕೋ ಎಂದರು. ಜೊತೆಯವರು, ಪ್ರತಿಕಾಯವೇ ಸರಿಯಿಲ್ಲವೇನೋ, ಮೊದಲಿನಿಂದ ಶುರುಮಾಡುವುದೇ ಒಳ್ಳೆಯದು ಎಂದರು. ಒಂದು ಮಾತು ಕೇಳಿದರೆ ಸೀಸೆಯನ್ನು ಚೆಲ್ಲಬೇಕು, ಇನ್ನೊಂದು ಕೇಳಿದರೆ ಎರಡು ವರ್ಷವನ್ನು ಚೆಲ್ಲಬೇಕು. ಅವಳಿಗೆ ಎರಡು ದಿನ ಊಟ ಸೇರಲಿಲ್ಲ. ತನ್ನ ಪ್ರತಿಕಾಯವನ್ನು ಹೇಗೆ ಉಳಿಸಿಕೊಳ್ಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮೂರನೆಯ ದಿನ ಕ್ಯಾಂಟೀನಿಗೆ ಹೋದಳು. ಅಡುಗೆಯವನು ದೋಸೆ ಮಗುಚುತ್ತ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕುತ್ತಿದ್ದ. ಎಷ್ಟೋ ಸಲ ಅವನ ಕೈಯ ದೋಸೆ ತಿಂದಿದ್ದಳು, ಅವನ ಕಾಲು ನೋಡಿರಲಿಲ್ಲ. ಅಲ್ಲಿಯವರೆಗೆ ಅವನನ್ನು ಏಳನೆಯ ಸೀಸೆಯೆಂದೇ ಎಣಿಸುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ಜನ ಕರಗುವವರೆಗೆ ಕಾದು, ಅವನ ಪಕ್ಕದ ಬೆಂಚಿನಲ್ಲಿ ಕುಳಿತಳು. ಮೈ ಹೇಗಿದೆ ಎಂದಳು. ಚೆನ್ನಾಗಿದೆ ಎಂದ. ಅವಳು ಏಳಲಿಲ್ಲ.

"ಅಣ್ಣಾ, ಎಲ್ಲಾದರೂ ನೋವಿದೆಯಾ?"

ಅವನು ಒಳಗಡೆ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡ. ಆಮೇಲೆ ಅಂಗಿಯ ಜೇಬಿನಿಂದ ಒಂದು ಮಾತ್ರೆಯ ಪಟ್ಟಿ ತೆಗೆದ. "ಮಂಡಿ ಹಿಡಿದುಕೊಳ್ಳುತ್ತದಮ್ಮ. ಇದು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ನುಂಗಿದರೆ ನಿಲ್ಲಬಲ್ಲೆ. ಯಾರಿಗೂ ಹೇಳಬೇಡಿ, ಕಾವಲಿಯ ಮುಂದೆ ಬೇರೆಯವರನ್ನು ನಿಲ್ಲಿಸಿಬಿಡುತ್ತಾರೆ."

ಎಷ್ಟು ದಿನದಿಂದ ಎಂದು ಕೇಳಿದಳು. ಎಂಟು ತಿಂಗಳು ಎಂದ. ಔಷಧಿ ಅಂಗಡಿಯವನು ಕೊಟ್ಟದ್ದು, ವೈದ್ಯರನ್ನು ಕಂಡಿರಲಿಲ್ಲ. ಕೆಲಸದ ಮಧ್ಯೆ ಎದ್ದು ಹೋಗಬೇಕಾಗುತ್ತದೆಂದು ನೀರನ್ನೂ ಹೆಚ್ಚು ಕುಡಿಯುತ್ತಿರಲಿಲ್ಲ. ಅವಳಿಗೆ ಅಕ್ಕನ ನೆನಪಾಯಿತು. ಪ್ರತಿಕಾಯದ ಚಿಂತೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಂದೇ ಅವನನ್ನು ಕರೆದುಕೊಂಡು ಮೂತ್ರಪಿಂಡದ ವೈದ್ಯರ ಹತ್ತಿರ ಹೋದಳು. ವೈದ್ಯರು ಪರೀಕ್ಷಿಸಿ, ಈ ನೋವಿನ ಮಾತ್ರೆಯಿಂದ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರುವುದು ನಿಜ, ಇನ್ನೂ ಆಳಕ್ಕೆ ಇಳಿದಿಲ್ಲ ಎಂದರು. ಮಾತ್ರೆ ನಿಲ್ಲಿಸಿ, ಮಂಡಿಗೆ ಬೇರೆ ಚಿಕಿತ್ಸೆ ಕೊಟ್ಟರು. ಕ್ಯಾಂಟೀನಿನವರಿಗೆ ಏನೆಂದು ಹೇಳಬೇಕೆಂದು ಅವನನ್ನೇ ಕೇಳಿ, ಅವನು ಒಪ್ಪಿದ ಮೇಲೆ ಅವಳೇ ಹೋಗಿ ಮಾತಾಡಿದಳು. ಅವರು ಅವನನ್ನು ತೆಗೆಯಲಿಲ್ಲ. ಒಂದು ಎತ್ತರದ ಸ್ಟೂಲು ತಂದು ಹಾಕಿದರು.

ಎರಡು ತಿಂಗಳ ಮೇಲೆ ಅವನ ಮೂತ್ರ ಹಾಕಿದ ಗುಳಿ ತಿಳಿಯಾಗಿತ್ತು.

ಅವಳು ಆರೋಗ್ಯವಂತರ ಮೂತ್ರವನ್ನು ಮತ್ತೆ ಮೊದಲಿನಿಂದ ಸಂಗ್ರಹಿಸಿದಳು. ಈ ಸಲ ಒಬ್ಬೊಬ್ಬರ ಜೊತೆಯೂ ಕುಳಿತು ಮಾತಾಡಿ ಸಂಗ್ರಹಿಸಿದಳು. ಅದಕ್ಕೆ ಬಹಳ ದಿನ ಹಿಡಿಯಿತು. ಅಷ್ಟರಲ್ಲಿ ಬೇರೊಂದು ಊರಿನವರು ತಮ್ಮ ಪ್ರತಿಕಾಯವನ್ನು ಮೊದಲು ಪ್ರಕಟಿಸಿದರು. ಅವಳಿಗೆ ಬೇಸರವಾಯಿತು. ಆದರೆ ಕ್ಯಾಂಟೀನಿನ ಮುಂದೆ ಹಾದುಹೋಗುವಾಗ ಆ ಬೇಸರ ಉಳಿಯುತ್ತಿರಲಿಲ್ಲ.

ಮೇಷ್ಟ್ರು ಇಲ್ಲಿಗೆ ಕತೆ ನಿಲ್ಲಿಸಿದರು.

ಜುಬೇದಾಳ ಮುಖ ಹಗುರಾಯಿತು. "ಹಾಗಾದರೆ ಮನುಷ್ಯ ಏನೇ ಹೇಳಲಿ, ಪರೀಕ್ಷೆಯನ್ನೇ ನಂಬಬೇಕು. ಅಲ್ಲವೇ ಮೇಷ್ಟ್ರೇ?"

ಮೇಷ್ಟ್ರು ಹೇಳಿದರು: "ಮಂಡಿನೋವನ್ನು ಹಿಡಿಯುವ ಪ್ರತಿಕಾಯ ಅವಳ ಬಳಿ ಇರಲಿಲ್ಲವಲ್ಲ, ಜುಬೇದಾ."