ಮಾರಾಟಕ್ಕಿಟ್ಟ ಹೂವಿನ ಚಿತ್ರ

"ಬುದ್ಧಿ, ಮನಸ್ಸಿನಲ್ಲಿ ಕೋಪ ಇಟ್ಟುಕೊಂಡು ಕಾಯಿಲೆಯವರನ್ನು ನೋಡಲು ಹೋಗಬಹುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕಣ್ಣು ಮುಚ್ಚಿಕೊಂಡರು. ಧ್ಯಾನಕ್ಕಲ್ಲ, ಬೇಸರಕ್ಕೆ. ಶಿಷ್ಯನ ಹೆಸರು ಪುಟ್ಟಬಸವ. ಅವನ ಅಣ್ಣ ಊರಿನಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ. ಅಣ್ಣತಮ್ಮಂದಿರು ಜಗಳವಾಡಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಸುದ್ದಿ ತಿಳಿದಂದಿನಿಂದ ಪುಟ್ಟಬಸವ ಇದೇ ಪ್ರಶ್ನೆಗೆ ಬೇರೆ ಬೇರೆ ಅಂಗಿ ತೊಡಿಸಿ ತರುತ್ತಿದ್ದ.

"ನಿನ್ನೆ ಏನು ಕೇಳಿದೆ?" ಎಂದರು ಗುರುಗಳು.

"ಕ್ಷಮೆ ಕೇಳುವ ಮಾತು ಸರಿಯಾಗಿ ಕೂಡಿ ಬರುವ ತನಕ ಕಾಯಬೇಕೇ ಅಂತ, ಬುದ್ಧಿ. ಹೋದರೆ ನಿರ್ಮಲವಾದ ಮನಸ್ಸಿನಿಂದಲೇ ಹೋಗಬೇಕು ಅಂತ ನನಗೆ ಆಸೆ."

"ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ನನ್ನ ತಲೆ ತಿಂದದ್ದು ಸಾಕು, ಕೂತುಕೊ" ಎಂದು ಗುರುಗಳು ಕತೆ ಹೇಳಿದರು.

ಫ್ರಾನ್ಸ್ ದೇಶವನ್ನು ಇನ್ನೂ ರಾಜರು ಆಳುತ್ತಿದ್ದ ಕಾಲ. ಒಂದು ಪಟ್ಟಣದಲ್ಲಿ ಒಬ್ಬ ಚಿತ್ರಕಾರ ತಾನು ಬರೆದ ಚಿತ್ರವೊಂದನ್ನು ಮನೆಯ ಬಾಗಿಲಲ್ಲಿ ಮಾರಾಟಕ್ಕೆ ಇಟ್ಟಿದ್ದ. ಚಿತ್ರದಲ್ಲಿ ಒಂದು ಹೂದಾನಿ. ಅದರ ತುಂಬ ಹೂವು.

ಒಬ್ಬ ವರ್ತಕ ಆ ದಾರಿಯಲ್ಲಿ ಬಂದ. ಅವನ ಹೆಂಡತಿಗೆ ಕಾಯಿಲೆ, ಹಾಸಿಗೆಯಿಂದ ಏಳುವಂತಿರಲಿಲ್ಲ. ಅದು ಚಳಿಗಾಲ, ಹೊರಗೆಲ್ಲ ಹಿಮ. ಹೂವು ನೋಡಬೇಕು ಅನ್ನಿಸುತ್ತಿದೆ ಎಂದು ಅವಳು ಆ ಬೆಳಗ್ಗೆಯಷ್ಟೇ ಹೇಳಿದ್ದಳು. ವರ್ತಕ ಚಿತ್ರವನ್ನು ನೋಡಿ ನಿಂತುಬಿಟ್ಟ. ಬೆಲೆ ಕೇಳಿದ. ಚಿತ್ರಕಾರ ಹೇಳಿದ.

"ನಮ್ಮ ಮನೆಯ ಹಿಂದೆ ತೋಟವಿದೆ, ತೋಟಗಾರನಿದ್ದಾನೆ. ಬಣ್ಣ ಬಳಿದ ಹೂವಿಗೆ ಯಾರಾದರೂ ದುಡ್ಡು ಸುರಿಯುತ್ತಾರೆಯೇ?" ಎಂದ ವರ್ತಕ.

ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ. ಚಿತ್ರದಲ್ಲಿದ್ದ ಹೂವುಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಕೊಂಡ. ಚಿತ್ರಕಾರ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಬೀದಿಯ ತಿರುವು ದಾಟಿದ್ದ. ಮನೆಗೆ ಬಂದು ಹೆಂಡತಿಗೆ, "ಈ ಊರಿನಲ್ಲಿ ಯಾರೂ ಕಾಣದಂಥ ಹೂಗುಚ್ಛ ನಿನಗೆ ತಂದುಕೊಡುತ್ತೇನೆ, ನೋಡುತ್ತಿರು" ಎಂದ. ಅವಳು ನಂಬಿದಳು. ಆಮೇಲೆ ಅವನು ತೋಟಗಾರನಿಗೆ ಆ ಹೆಸರುಗಳನ್ನೆಲ್ಲ ಒಪ್ಪಿಸಿ, ಎಲ್ಲವನ್ನೂ ಒಂದೇ ಗುಚ್ಛದಲ್ಲಿ ತರಬೇಕು ಎಂದ.

ಹಿಮ ಕರಗುವಾಗ ಒಂದು ಬಿಳಿಯ ಹೂವು ನೆಲ ಸೀಳಿಕೊಂಡು ಬಂತು. ತೋಟಗಾರ ಅದನ್ನು ತಂದುಕೊಟ್ಟ.

"ಇದೊಂದೇ? ಉಳಿದವು ಎಲ್ಲಿ?" ಎಂದ ವರ್ತಕ.

"ಒಡೆಯಾ, ಇದು ಬರುವಾಗ ಅವು ಬರುವುದಿಲ್ಲ."

"ಚಿತ್ರದಲ್ಲಿ ಬಂದಿವೆಯಲ್ಲ!"

ವರ್ತಕ ಅವನನ್ನು ಮೈಗಳ್ಳ ಎಂದು ಬೈದು ಕೆಲಸದಿಂದ ಬಿಡಿಸಿ ಬೇರೊಬ್ಬನನ್ನು ಇಟ್ಟುಕೊಂಡ. ಟುಲಿಪ್ ಅರಳಿತು. ಗುಲಾಬಿ ಇನ್ನೂ ಮೊಗ್ಗೇ ಬಿಟ್ಟಿಲ್ಲ ಎಂದು ವರ್ತಕ ಟುಲಿಪ್ ಹೂವನ್ನು ಕೀಳಿಸದೆ ಗಿಡದಲ್ಲೇ ಉಳಿಸಿದ. ಗುಲಾಬಿ ಬರುವ ಹೊತ್ತಿಗೆ ಟುಲಿಪ್ ಉದುರಿತ್ತು. ಹೊಸ ತೋಟಗಾರನೂ ಬೈಸಿಕೊಂಡ.

ಒಂದು ದಿನ ಹೆಂಡತಿ, "ಕಿಟಕಿಯಿಂದ ಗುಲಾಬಿಯ ವಾಸನೆ ಬರುತ್ತಿದೆ ಕಣ್ರೀ, ಒಂದೇ ಒಂದು ತಂದುಕೊಡಿ" ಎಂದಳು.

"ತಾಳು, ಎಲ್ಲವೂ ಕೂಡಿ ಬರಲಿ" ಎಂದ ಅವನು.

ಕತೆಯ ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಮೈ ಉರಿಯುತ್ತದೆ, ಪುಟ್ಟಬಸವ. ಗಿಡಕ್ಕೂ ಹಾಸಿಗೆಗೂ ನಡುವೆ ಇದ್ದದ್ದು ಒಂದು ಗೋಡೆ. ಆ ಪುಣ್ಯಾತ್ಮನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲ ಎಂದುಕೊಳ್ಳಬೇಡ. ಬೇಕಾದಷ್ಟು ಇತ್ತು. ಅವಳಿಗೆ ಕಡಿಮೆಯದನ್ನು ಕೊಡಬಾರದು ಎಂದೇ ಅವನು ಏನನ್ನೂ ಕೊಡಲಿಲ್ಲ.

ಗಸಗಸೆಯ ಕೆಂಪು ಹೂವು ಬಂದು ಹೋಯಿತು. ಚೆಂಡುಹೂವು ಅರಳುವ ಕಾಲಕ್ಕೆ ಹೆಂಡತಿ ತೀರಿಕೊಂಡಳು. ಅವಳ ತಲೆದಿಂಬಿನ ಪಕ್ಕದಲ್ಲಿ ಅವನು ತರಿಸಿಟ್ಟಿದ್ದ ಹೂದಾನಿ ಹಾಗೇ ಇತ್ತು. ಅದಕ್ಕೆ ನೀರು ಕೂಡ ಹಾಕಿರಲಿಲ್ಲ.

ಮಣ್ಣು ಮುಗಿಸಿಕೊಂಡು ವರ್ತಕ ನೇರವಾಗಿ ಚಿತ್ರಕಾರನ ಮನೆಗೆ ಹೋದ. ಚಿತ್ರ ಇನ್ನೂ ಬಾಗಿಲಲ್ಲೇ ಇತ್ತು. ಯಾರೂ ಕೊಂಡಿರಲಿಲ್ಲ.

"ಮೋಸಗಾರ! ಇಲ್ಲದ ಹೂಗುಚ್ಛ ಬರೆದು ನನ್ನ ಮನೆ ಹಾಳು ಮಾಡಿದೆ" ಎಂದು ಕೂಗಿದ.

ಚಿತ್ರಕಾರನಿಗೂ ತಾಳ್ಮೆ ಕೆಟ್ಟಿತು. "ಬಿಳಿಯ ಹೂವನ್ನು ಅದು ಅರಳಿದ ದಿನ ಬರೆದೆ. ಉಳಿದ ಜಾಗ ಖಾಲಿ ಬಿಟ್ಟೆ. ಟುಲಿಪ್ ಬಂದ ದಿನ ಟುಲಿಪ್ ಬರೆದೆ. ಆಗ ಬಿಳಿಯದು ಬಾಡಿ ಗೊಬ್ಬರವಾಗಿತ್ತು. ನಮ್ಮ ಕಸುಬಿನವರೆಲ್ಲ ಮಾಡುವುದೇ ಹೀಗೆ. ಮುಂದಿನದು ಬರಲಿ ಎಂದು ಕೈ ಕಟ್ಟಿ ಕೂತಿದ್ದರೆ ನನಗೆ ಒಂದು ಎಸಳನ್ನೂ ಬರೆಯಲಾಗುತ್ತಿರಲಿಲ್ಲ. ಇಡೀ ಗುಚ್ಛವನ್ನು ಒಟ್ಟಿಗೆ ನಾನೇ ಒಂದು ದಿನವೂ ಕಂಡಿಲ್ಲವಯ್ಯಾ!"

ವರ್ತಕ ಚಿತ್ರದ ಮುಂದೆ ಕುಸಿದು ಕೂತ. ಬೆಲೆ ಎಷ್ಟು ಎಂದು ಮತ್ತೆ ಕೇಳಿದ. ಚಿತ್ರಕಾರ ಹೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಪುಟ್ಟಬಸವ ಬಹಳ ಹೊತ್ತು ಯೋಚಿಸಿದ. ಗುರುಗಳಿಗೆ ಸ್ವಲ್ಪ ಆಸೆ ಹುಟ್ಟಿತು.

"ಅರ್ಥವಾಯಿತು ಬುದ್ಧಿ. ಹಾಗಾದರೆ ಕೋಪ ಪೂರ್ತಿ ಹೋಗದಿದ್ದರೂ ಪರವಾಗಿಲ್ಲ. ಅರ್ಧವಾದರೂ ಇಳಿಯುವ ತನಕ ಕಾಯಲೇ?" ಎಂದ ಪುಟ್ಟಬಸವ.

ಗುರುಗಳು ಹಣೆ ಚಚ್ಚಿಕೊಂಡರು. ಎದ್ದು ಹೋಗಿ, ಗೂಟಕ್ಕೆ ನೇತುಹಾಕಿದ್ದ ಅವನ ಜೋಳಿಗೆಯನ್ನು ತಂದು ಅವನ ಮಡಿಲಿಗೆ ಎಸೆದರು.

"ಕೋಪವನ್ನೂ ಜೊತೆಗೇ ಕರೆದುಕೊಂಡು ಹೋಗೋ, ನಿಮ್ಮಣ್ಣನಿಗೆ ಅದು ಹೊಸಬನೇನಲ್ಲ."